ಮಾತ್ರೆ ಬೀರುವಿನ ಬೀಗದ ಕೈ ಯಾರ ಹತ್ತಿರ ಇರಬೇಕು?

ಮನೆಯಕ್ಕ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುವುದು ಮೊದಲ ಸಲ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಮ್ಮದೊಂದು ಬಾಡಿಗೆ ಮನೆ ಇದೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಮನೆ ಯಾವುದು ಅಂತ ಗೊತ್ತಾಗಿಬಿಡುತ್ತದೆ. ಮೂರು ರೂಮು, ಒಂದು ಹಾಲು, ಹಿಂದೆ ಒಗೆಯುವ ಕಲ್ಲು, ಮುಂದೆ ಕರಿಬೇವಿನ ಗಿಡ. ಮೇಲಿನ ಮನೆಯಲ್ಲಿ ಓನರ್ ಇದ್ದಾರೆ. ಕೆಳಗೆ ಆರು ಹೆಂಗಸರು ಮತ್ತು ನಾನು. ಆರೂ ಜನಕ್ಕೆ ಮಾನಸಿಕ ಕಾಯಿಲೆಯ ಮಾತ್ರೆ ನಡೆಯುತ್ತಿದೆ. ಆಸ್ಪತ್ರೆಯಲ್ಲಿ ಇರಬೇಕಾದಷ್ಟು ಕಾಯಿಲೆ ಯಾರಿಗೂ ಇಲ್ಲ. ವಾಪಸ್ ಹೋಗೋಣ ಅಂದರೆ ಕರೆದುಕೊಳ್ಳುವವರಿಲ್ಲ. ಒಂದು ಚಿಕ್ಕ ಟ್ರಸ್ಟ್ ಬಾಡಿಗೆ ಕಟ್ಟುತ್ತದೆ. ನಾನು ನಾಲ್ಕು ವರ್ಷದಿಂದ ಇಲ್ಲೇ ಇದ್ದೇನೆ. ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಪಿಯುಸಿ ಓದಿದವಳು, ಮೊದಲು ಒಂದು ಹಾಸ್ಟೆಲಿನ ಅಡುಗೆ ಮನೆ ನೋಡಿಕೊಳ್ಳುತ್ತಿದ್ದೆ. ನೂರು ಜನಕ್ಕೆ ಉಪ್ಪಿಟ್ಟು ಮಾಡು ಅಂದರೆ ಹೆದರುವುದಿಲ್ಲ. ಈ ಕೆಲಸದಲ್ಲಿ ಮಾತ್ರ ದಿನಾ ಹೆದರಿಕೆ.

ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಒಬ್ಬರನ್ನು ಎಲ್ಲರೂ ಟೀಚರಮ್ಮ ಅಂತ ಕರೆಯುತ್ತೇವೆ. ಕಾಯಿಲೆ ಬರುವ ಮೊದಲು ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ಈಗ 58 ವರ್ಷ. ಅವರ ಹತ್ತಿರ ಒಂದು ಚಾಕ್‌ಪೀಸ್ ಡಬ್ಬಿ ಇದೆ, ದಿಂಬಿನ ಪಕ್ಕದಲ್ಲೇ ಇರುತ್ತದೆ, ಯಾರೂ ಮುಟ್ಟುವುದಿಲ್ಲ. ಈ ಆಷಾಢದಲ್ಲಿ ಅವರು ರಾತ್ರಿ ನಿದ್ದೆ ಬಿಟ್ಟರು. ವಯಸ್ಸಾಯಿತು, ನಿದ್ದೆ ಕಮ್ಮಿ ಇರಬೇಕು ಅಂದುಕೊಂಡೆ. ಆಮೇಲೆ ಊಟದ ತಟ್ಟೆ ಮೂಸಿ ನೋಡಲು ಶುರು ಮಾಡಿದರು. ಒಂದು ದಿನ ಬೆಳಗ್ಗೆ ನಾಲ್ಕು ಗಂಟೆಗೆ ಮೋಟಾರ್ ಸದ್ದು. ಎದ್ದು ಹೋಗಿ ನೋಡಿದರೆ ಸಂಪಿನ ನೀರೆಲ್ಲ ರಸ್ತೆಗೆ ಹೋಗಿದೆ. 'ನೀರಿಗೆ ವಿಷ ಹಾಕಿದ್ದಾರೆ, ಮಕ್ಕಳು ಕುಡಿದುಬಿಡುತ್ತವೆ' ಅಂತ ನಡುಗುತ್ತಾ ನಿಂತಿದ್ದರು. ಓನರ್ ಇಳಿದು ಬಂದರು. ಅವರು ಏನಂದರು ಅಂತ ಇಲ್ಲಿ ಬರೆಯುವುದು ಬೇಡ.

ಅವತ್ತು ಹಾಸಿಗೆ ಸರಿಮಾಡುವಾಗ ಡಬ್ಬಿ ಉರುಳಿತು. ಚಾಕ್‌ಪೀಸ್ ಚೂರುಗಳ ನಡುವೆ 41 ಬಿಳಿ ಮಾತ್ರೆ. ದಿನಾ ರಾತ್ರಿ ನಾನೇ ಕೈಯಾರೆ ಕೊಟ್ಟ ಮಾತ್ರೆಗಳು!

ಆಟೋ ಮಾಡಿಕೊಂಡು ಒಂದು ಆಸ್ಪತ್ರೆಗೆ ಹೋದೆವು. ಅಲ್ಲಿ ಮೊದಲ ಪ್ರಶ್ನೆಯೇ 'ನೀವು ಇವರಿಗೆ ಏನಾಗಬೇಕು?' ಏನೂ ಆಗಬೇಕಿಲ್ಲ, ಜೊತೆಯಲ್ಲಿ ಇರುತ್ತೇನೆ ಅಂದೆ. ಹಾಗಾದರೆ ಸಹಿ ನಡೆಯುವುದಿಲ್ಲ, ಮನೆಯವರನ್ನು ಕರೆಸಿ ಅಂದರು. ಆರು ಗಂಟೆ ಬೆಂಚಿನ ಮೇಲೆ ಕೂತಿದ್ದೆವು. ಟೀಚರಮ್ಮ ನನ್ನ ಸೆರಗು ಹಿಡಿದುಕೊಂಡೇ ಇದ್ದರು. ಕೊನೆಗೆ ಒಬ್ಬ ಡ್ಯೂಟಿ ಡಾಕ್ಟರ್ ಮನಸ್ಸು ಮಾಡಿ ಅಡ್ಮಿಟ್ ಮಾಡಿಕೊಂಡರು. 19 ದಿನ ಆಯಿತು ಮನೆಗೆ ಬರಲು.

ಈಗ ಟ್ರಸ್ಟಿನವರು ಮೀಟಿಂಗ್ ಮಾಡಿ ಹೊಸ ಕಾನೂನು ತಂದಿದ್ದಾರೆ. ಮಾತ್ರೆ ಬೀರುವಿಗೆ ಬೀಗ, ಕೈ ನನ್ನ ಹತ್ತಿರ. ಮಾತ್ರೆ ನುಂಗಿದ ಮೇಲೆ ಎಲ್ಲರೂ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಸಂಜೆ ಆರಕ್ಕೆ ಗೇಟಿಗೆ ಬೀಗ. ಹಾಲಿನಲ್ಲಿ ಕ್ಯಾಮೆರಾ. ಎಲ್ಲಕ್ಕಿಂತ ಮೇಲೆ ಒಂದು ಕಾಗದ: 'ಮಾತ್ರೆ ತೆಗೆದುಕೊಳ್ಳದಿದ್ದರೆ ಮನೆ ಬಿಡಲು ಒಪ್ಪಿದ್ದೇನೆ' ಅಂತ. ಆರೂ ಜನ ಸಹಿ ಹಾಕಬೇಕಂತೆ.

ಬೀಗ ಹಾಕಿ ಹತ್ತು ದಿನ ಆಯಿತು. ನಾಲಿಗೆ ಎತ್ತಿಸುವುದು ಎರಡು ದಿನ ಮಾಡಿದೆ. ನನಗಿಂತ ಹನ್ನೆರಡು ವರ್ಷ ದೊಡ್ಡವರು ಟೀಚರಮ್ಮ. ಅವರು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದರು. ಮೂರನೇ ದಿನ ನನ್ನಿಂದ ಆಗಲಿಲ್ಲ. ಹೂ ಕಟ್ಟುವ ಕೆಲಸ ಮಾಡುವ ಇನ್ನೊಬ್ಬರು ಇದ್ದಾರೆ, ನಾವು ಹೂವಕ್ಕ ಅನ್ನುತ್ತೇವೆ, ಒಂಬತ್ತು ವರ್ಷ ವಾರ್ಡಿನಲ್ಲಿ ಇದ್ದು ಬಂದವರು. 'ಮನೆಗೆ ಆಸ್ಪತ್ರೆ ವಾಸನೆ ಬಂತಲ್ಲಕ್ಕ' ಅಂದರು. ಅದು ನನ್ನನ್ನು ಕೊರೆಯುತ್ತಿದೆ.

ಬೀಗ ಬೇಕೋ ಬೇಡವೋ? ರಾತ್ರಿ ಹೊತ್ತು ಹೀಗಾದರೆ ಯಾರಿಗೆ ಫೋನ್ ಮಾಡುವುದು? 'ಏನಾಗಬೇಕು' ಅಂದವರಿಗೆ ಏನು ಹೇಳುವುದು? ಇಂಥ ಮನೆ ನಡೆಸಿದವರು, ಇದ್ದವರು ಯಾರಾದರೂ ಹೇಳಿ.

ನಿವೃತ್ತ ಸಿಸ್ಟರ್, ಧಾರವಾಡ:

ತಂಗಿ, 31 ವರ್ಷ ಸೈಕಿಯಾಟ್ರಿ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ನಾಲಿಗೆ ಎತ್ತಿಸಿದವಳೂ ನಾನೇ. ವಾರ್ಡಿನಲ್ಲಿ 60 ಜನಕ್ಕೆ ಇಬ್ಬರು ಸಿಸ್ಟರ್ ಇದ್ದಾಗ ಬೇರೆ ದಾರಿ ಇರಲಿಲ್ಲ. ನಿಮ್ಮಲ್ಲಿ ಇರುವುದು ಆರು ಜನ. ನಿಮಗೆ ಕೇಳಲು ಪುರುಸೊತ್ತು ಇದೆ.

ನೀವು ಇಷ್ಟು ಉದ್ದ ಬರೆದಿರಿ. ಟೀಚರಮ್ಮ ಮಾತ್ರೆ ಯಾಕೆ ಬಚ್ಚಿಟ್ಟರು ಅನ್ನುವುದು ಎಲ್ಲೂ ಇಲ್ಲ. ಕೇಳಿದಿರಾ?

41 ಮಾತ್ರೆ ಅಂದರೆ 41 ಸಲ ಒಬ್ಬ ಹೆಂಗಸು ಯೋಚನೆ ಮಾಡಿ 'ಬೇಡ' ಅಂದಿದ್ದಾಳೆ. ಯಾರೂ ಸುಮ್ನೆ ಅಷ್ಟು ಕಷ್ಟ ಪಡುವುದಿಲ್ಲ. ನಾನು ನೋಡಿದ ಹಾಗೆ ಕಾರಣ ಹೆಚ್ಚಾಗಿ ಮೈಯಲ್ಲೇ ಇರುತ್ತದೆ. ಕೈ ನಡುಗುವುದು. ಬಾಯಲ್ಲಿ ಜೊಲ್ಲು. ಕಾಲು ನಿಂತಲ್ಲಿ ನಿಲ್ಲದೆ ಚಡಪಡಿಸುವುದು, ಇದನ್ನು ಜನ ಕಾಯಿಲೆ ಜಾಸ್ತಿ ಆಯಿತು ಅಂತ ತಪ್ಪು ತಿಳಿಯುತ್ತಾರೆ. ತೂಕ ಏರುವುದು. ಬೆಳಗ್ಗೆ ಏಳಲು ಆಗದಷ್ಟು ಮಂಪರು. ಡೋಸ್ ಕಮ್ಮಿ ಮಾಡಿದರೆ, ಮಾತ್ರೆ ಬದಲಿಸಿದರೆ, ಕೊಡುವ ಹೊತ್ತು ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಡಾಕ್ಟರಿಗೆ ಗೊತ್ತಾಗಬೇಕಲ್ಲ. ಎರಡು ನಿಮಿಷದ ಓಪಿಡಿಯಲ್ಲಿ 'ಹೇಗಿದ್ದೀರಿ' ಅಂದರೆ ಎಲ್ಲರೂ 'ಆರಾಮ' ಅನ್ನುತ್ತಾರೆ. ನೀವು ಒಂದು ನೋಟ್‌ಬುಕ್ ಇಟ್ಟು ನಿದ್ದೆ ಎಷ್ಟು ಗಂಟೆ, ಊಟ, ಸಂಡಾಸ, ತೂಕ, ಇಷ್ಟು ಬರೆದು ತೆಗೆದುಕೊಂಡು ಹೋಗಿ. ನಿದ್ದೆ ಮೂರು ರಾತ್ರಿ ಸಾಲಾಗಿ ಕೆಟ್ಟರೆ ನಾಲ್ಕನೇ ದಿನ ಕಾಯಬೇಡಿ. ಟೀಚರಮ್ಮನ ನಿದ್ದೆ ನಿಮಗೆ ಮೊದಲೇ ಹೇಳಿತ್ತು.

ಎರಡು ಮಾತ್ರೆಗಳ ಬಗ್ಗೆ ಹುಷಾರು. ನಿಮ್ಮಲ್ಲಿ ಯಾರಾದರೂ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ್ ಹೇಳಿದಾಗೆಲ್ಲ ರಕ್ತದಲ್ಲಿ ಅದರ ಮಟ್ಟ ನೋಡಿಸಲೇಬೇಕು. ವಾಂತಿ ಭೇದಿ ಆಗಿ ನೀರು ಕಳೆದುಕೊಂಡರೆ ಅದು ರಕ್ತದಲ್ಲಿ ಏರಿ ವಿಷವಾಗುತ್ತದೆ. ಮೆಡಿಕಲ್ ಶಾಪಿನ ನೋವಿನ ಮಾತ್ರೆ ಕೇಳದೆ ಕೊಡಬೇಡಿ, ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವು ಲಿಥಿಯಂ ಏರಿಸುತ್ತವೆ. ಇನ್ನೊಂದು ಕ್ಲೋಜಪಿನ್. ಅದರಲ್ಲಿ ಬಿಳಿ ರಕ್ತಕಣ ಬೀಳಬಹುದು ಅಂತ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೂ ಬಿಡದೆ ರಕ್ತ ಪರೀಕ್ಷೆ ಮಾಡಿಸುವ ಪದ್ಧತಿ ಇದೆ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮಲಬದ್ಧತೆ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಎರಡು ಮೂರು ದಿನ ಸಂಡಾಸ ಆಗಲಿಲ್ಲ ಅಂದರೆ ನಗುವ ವಿಷಯ ಅಲ್ಲ, ಕರುಳು ನಿಂತು ಜೀವ ಹೋದದ್ದೂ ಇದೆ.

ಮಾತ್ರೆ ಬೇಡವೇ ಬೇಡ ಅನ್ನುವವರಿಗೆ 15 ದಿನಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಡಿಪೋ ಇಂಜೆಕ್ಷನ್ ಇದೆ. ಅದನ್ನು ಶಿಕ್ಷೆಯ ಹಾಗೆ ತೋರಿಸಬೇಡಿ. 'ದಿನಾ ನುಂಗುವ ಕಾಟ ತಪ್ಪುತ್ತದೆ, ಹೇಗೆ?' ಅಂತ ಕೇಳಿ ನೋಡಿ.

ಗೇಟಿನ ಬೀಗದ ಬಗ್ಗೆ ಒಂದೇ ಮಾತು. 2001ರ ಆಗಸ್ಟ್ 6, ತಮಿಳುನಾಡಿನ ಏರ್ವಾಡಿ. ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಒಂದು ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ ಕಾರಣ ಓಡಲಾಗದೆ 28 ಜನ ಸತ್ತರು. ನಿಮ್ಮದು ಸರಪಳಿ ಅಲ್ಲ, ನಿಜ. ಆದರೂ ಒಳಗಿದ್ದವರು ತೆಗೆಯಲಾಗದ ಬೀಗವನ್ನು ಮಲಗುವ ಮನೆಗೆ ಹಾಕಬೇಡಿ.

ತಮ್ಮ, ತುಮಕೂರು:

ಸಿಸ್ಟರ್ ಹೇಳಿದ್ದು ಒಪ್ಪುತ್ತೇನೆ. ಆದರೆ ಬೀರುವಿಗೆ ಬೀಗ ಬೇಡ ಅಂತ ಯಾರೂ ಸಲೀಸಾಗಿ ಹೇಳಬೇಡಿ.

ನನ್ನ ಅಕ್ಕ ಇಂಥದೇ ಒಂದು ಮನೆಯಲ್ಲಿ ಇದ್ದಳು. ಒಳ್ಳೆಯ ಜನ, ಒಳ್ಳೆಯ ಊಟ. 'ಇದು ಮನೆ, ಇಲ್ಲಿ ಬೀಗ ಇಲ್ಲ' ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಎಲ್ಲರ ತಿಂಗಳ ಮಾತ್ರೆಯೂ ಒಂದೇ ತೆರೆದ ಶೆಲ್ಫಿನಲ್ಲಿ. ಅಕ್ಕನಿಗೆ ಮನಸ್ಸು ತೀರಾ ಕುಗ್ಗಿದ್ದ ಒಂದು ವಾರ, ಯಾರೂ ಗಮನಿಸಲಿಲ್ಲ. ಐಸಿಯುನಲ್ಲಿ ಎಂಟು ದಿನ ಇದ್ದು ಬದುಕಿದಳು. ಆಮೇಲೆ ಅವಳೇ ನನಗೆ ಹೇಳಿದ್ದು, 'ಆ ರಾತ್ರಿ ಅದು ಕೈಗೆ ಸಿಗದೆ ಇದ್ದಿದ್ದರೆ ಬೆಳಗಾಗುತ್ತಿತ್ತು ಕಣೋ' ಅಂತ.

ಅವಳು ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಇಡೀ ತಿಂಗಳ ಮಾತ್ರೆ ನನ್ನ ಹೆಂಡತಿಯ ಬೀರುವಿನಲ್ಲಿ. ಅಕ್ಕನ ಕೈಗೆ ಎರಡು ದಿನದ್ದು ಮಾತ್ರ. ಇದು ಅವಮಾನ ಅಂತ ಅವಳಿಗೆ ಅನ್ನಿಸಿಲ್ಲ. ಇನ್ನೊಂದು ವಿಷಯ: ಆ 41 ಮಾತ್ರೆ ಡಬ್ಬಿಯಲ್ಲೇ ಇದ್ದವು ಅನ್ನುವುದು ನಿಮ್ಮ ಪುಣ್ಯ. ಬಚ್ಚಿಟ್ಟ ಮಾತ್ರೆ ಅಂದರೆ ಬರೀ ಬಿಟ್ಟ ಮಾತ್ರೆ ಅಲ್ಲ, ಕೂಡಿಟ್ಟ ಮಾತ್ರೆಯೂ ಹೌದು.

ಮಲೆನಾಡಿನ ಸೋಷಿಯಲ್ ವರ್ಕರ್:

ತುಮಕೂರಿನವರು ಹೇಳಿದ್ದು ಮುಖ್ಯ. ದಾಸ್ತಾನಿಗೆ ಬೀಗ ಹಾಕುವುದು ಬೇರೆ, ಮನುಷ್ಯರಿಗೆ ಬೀಗ ಹಾಕುವುದು ಬೇರೆ. ನಿಮ್ಮ ಟ್ರಸ್ಟಿನವರು ಎರಡನ್ನೂ ಒಂದೇ ಗಂಟು ಕಟ್ಟಿದ್ದಾರೆ.

ನಾನು ಸಹಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಆ ಆರು ಗಂಟೆಯ ಬೆಂಚು ತಪ್ಪಿಸಬಹುದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಜಾರಿಗೆ ಬಂದದ್ದು 2018ರ ಮೇ 29. ಅದರಲ್ಲಿ 'ಕೇರ್‌ಗಿವರ್' ಅಂದರೆ ಯಾರು ಅಂತ ಬರೆದಿದೆ: ಕಾಯಿಲೆ ಇರುವವರ ಜೊತೆ ವಾಸ ಇದ್ದು ನೋಡಿಕೊಳ್ಳುವವರು. ಸಂಬಂಧಿಕರೇ ಆಗಬೇಕಿಲ್ಲ. ಸಂಬಳ ತೆಗೆದುಕೊಂಡು ನೋಡಿಕೊಂಡರೂ ಕೇರ್‌ಗಿವರ್. ಅಂದರೆ ನೀವೇ. 'ಏನಾಗಬೇಕು' ಅಂದರೆ 'ಜೊತೆಯಲ್ಲಿದ್ದು ನೋಡಿಕೊಳ್ಳುವವಳು, ಕಾಯಿದೆಯಲ್ಲಿ ನನಗೆ ಜಾಗ ಇದೆ' ಅನ್ನಿ.

ಇದಕ್ಕಿಂತ ಗಟ್ಟಿಯಾದದ್ದು 14ನೇ ಸೆಕ್ಷನ್. ಆರೋಗ್ಯ ಚೆನ್ನಾಗಿದ್ದಾಗಲೇ ಒಬ್ಬೊಬ್ಬರೂ ತಮಗೆ ನಂಬಿಕೆ ಇರುವ ಒಬ್ಬರನ್ನು ನಾಮನಿರ್ದೇಶಿತ ಪ್ರತಿನಿಧಿ ಅಂತ ಆರಿಸಿಕೊಳ್ಳಬಹುದು. ಛಾಪಾ ಕಾಗದ ಬೇಡ, ವಕೀಲರು ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು. ನಿಮ್ಮನ್ನೇ ಆರಿಸಲಿ ಅಂತ ಒತ್ತಾಯ ಮಾಡಬೇಡಿ, ಅದು ಅವರ ಇಷ್ಟ. ಇನ್ನು 5ನೇ ಸೆಕ್ಷನ್ನಿನ ಮುಂಗಡ ನಿರ್ದೇಶನ: ಮುಂದೆ ಕಾಯಿಲೆ ಜಾಸ್ತಿ ಆದರೆ ನನಗೆ ಹೇಗೆ ಚಿಕಿತ್ಸೆ ಕೊಡಬೇಕು, ಹೇಗೆ ಕೊಡಬಾರದು ಅಂತ ಮೊದಲೇ ಬರೆದಿಡುವುದು. ತುರ್ತು ಚಿಕಿತ್ಸೆಗೆ ಅದು ಅಡ್ಡ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಯಾವುದೇ ನೋಂದಾಯಿತ ಡಾಕ್ಟರ್, ಮನೋರೋಗ ತಜ್ಞರೇ ಆಗಬೇಕಿಲ್ಲ, ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಪಡೆದು 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ರಾತ್ರಿ ಹೊತ್ತು ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಇದನ್ನು ನೆನಪಿಸಿ. ಮೆತ್ತಗೆ ನೆನಪಿಸಿ, ಅವರೂ ನಿದ್ದೆಗೆಟ್ಟಿರುತ್ತಾರೆ.

ಫೋನ್ ಅಂದಿರಲ್ಲ. 14416, ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಅವರು ಬಂದು ಕರೆದುಕೊಂಡು ಹೋಗುವುದಿಲ್ಲ, ಆದರೆ ಈಗಲೇ ಹೊರಡಬೇಕೋ ಬೆಳಗಾಗುವವರೆಗೆ ಕಾಯಬಹುದೋ ಅಂತ ಕೇಳಲು ಒಂದು ದನಿ ಇರುತ್ತದೆ. ಇನ್ನು ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋರೋಗ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಅಂತ ಕೇಳಿಕೊಂಡು, ಆರು ಜನರನ್ನೂ ಅಲ್ಲಿಗೇ ಹಚ್ಚಿ. ಒಬ್ಬರೇ ಡಾಕ್ಟರ್ ಆರು ಜನರನ್ನೂ ತಿಂಗಳು ತಿಂಗಳು ನೋಡಿದರೆ ನಿಮ್ಮ ನೋಟ್‌ಬುಕ್ಕಿಗೂ ಬೆಲೆ ಬರುತ್ತದೆ.

ಆ 'ಮನೆ ಬಿಡಲು ಒಪ್ಪಿದ್ದೇನೆ' ಕಾಗದ ಹರಿದು ಹಾಕಿಸಿ. ಮನೆ ಹೋಗುತ್ತದೆ ಅಂತ ಗೊತ್ತಾದ ಮೇಲೆ ಮಾತ್ರೆ ಬಿಟ್ಟ ವಿಷಯ ಯಾರು ತಾನೆ ಬಾಯಿ ಬಿಡುತ್ತಾರೆ? ಕಾಯಿದೆಯ 19ನೇ ಸೆಕ್ಷನ್ ಸಮಾಜದ ನಡುವೆ ಬದುಕುವುದು ಇವರ ಹಕ್ಕು ಅನ್ನುತ್ತದೆ. ಕುಟುಂಬ ಕೈಬಿಟ್ಟಿದೆ, ಇರಲು ಮನೆ ಇಲ್ಲ ಅನ್ನುವ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಅಂತಲೂ ಹೇಳುತ್ತದೆ. ನಿಮ್ಮ ಮನೆ ಇರುವುದೇ ಅದಕ್ಕೆ. ಚೆನ್ನೈನಲ್ಲಿ 1993ರಿಂದ ನಡೆಯುತ್ತಿರುವ ಬ್ಯಾನಿಯನ್ ಸಂಸ್ಥೆ 'ಹೋಮ್ ಅಗೇನ್' ಅಂತ ಇದೇ ಥರ ಮಾಡುತ್ತಿದೆ, ನಾಲ್ಕೈದು ಜನಕ್ಕೆ ಸಾಮಾನ್ಯ ಬೀದಿಯಲ್ಲಿ ಒಂದು ಬಾಡಿಗೆ ಮನೆ, ಜೊತೆಗೆ ನಿಮ್ಮಂಥ ಒಬ್ಬರು. ಟ್ರಸ್ಟಿಗಳಿಗೆ ಅದನ್ನು ಹೋಗಿ ನೋಡಿ ಬರಲು ಹೇಳಿ.

ಹಾಂ, ಮರೆತೆ. ನಿಮ್ಮ ಮನೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕೋ ಬೇಡವೋ ಅಂತ ಟ್ರಸ್ಟಿನವರು ಬರಹದಲ್ಲಿ ಕೇಳಿ ಬರಹದಲ್ಲೇ ಉತ್ತರ ತರಿಸಲಿ. ಬಾಯಿ ಮಾತು ಬೇಡ.

ಟೊರೊಂಟೊ ಕನ್ನಡಿಗ:

ನಾನು ಇಲ್ಲಿ ಇಂಥದೇ ಒಂದು ಕಟ್ಟಡದಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಮನೆ, ಬಾಗಿಲಿನ ಕೀ ಅವರದೇ. ನಾವು ಬಾಗಿಲು ತಟ್ಟಿ ಕಾಯಬೇಕು.

'ಮಾತ್ರೆಗೂ ಮನೆಗೂ ಗಂಟು ಹಾಕಬೇಡಿ' ಅನ್ನುವುದನ್ನು ಇಲ್ಲಿ ದೊಡ್ಡದಾಗಿ ಪರೀಕ್ಷೆ ಮಾಡಿದ್ದಾರೆ. ನ್ಯೂಯಾರ್ಕಿನಲ್ಲಿ 1992ರಲ್ಲಿ ಸ್ಯಾಮ್ ಸೆಂಬೆರಿಸ್ ಅನ್ನುವ ಮನೋವಿಜ್ಞಾನಿ ಶುರು ಮಾಡಿದ ರೀತಿ ಅದು. ಕೆನಡಾದಲ್ಲಿ 2009ರಿಂದ 2013ರವರೆಗೆ ಟೊರೊಂಟೊ, ವ್ಯಾಂಕೂವರ್ ಸೇರಿ ಐದು ಊರುಗಳಲ್ಲಿ, ಬೀದಿಯಲ್ಲಿದ್ದ, ಮಾನಸಿಕ ಕಾಯಿಲೆಯೂ ಇದ್ದ ಸುಮಾರು 2,000 ಜನರ ಜೊತೆ ಮಾಡಿ ನೋಡಿದರು. ಮೊದಲು ಮನೆ, ಚಿಕಿತ್ಸೆ ಅವರ ಇಷ್ಟ. ಷರತ್ತು ಎರಡೇ: ತಮ್ಮ ವರಮಾನದಲ್ಲಿ ಶೇ 30ರಷ್ಟು ಬಾಡಿಗೆಗೆ, ವಾರಕ್ಕೊಮ್ಮೆ ಸಿಬ್ಬಂದಿ ಬಂದರೆ ಮಾತಾಡಬೇಕು. ಹೀಗೆ ಮನೆ ಸಿಕ್ಕವರಲ್ಲಿ ಮನೆ ಉಳಿಸಿಕೊಂಡವರು, ಮಾಮೂಲಿ ಸವಲತ್ತಿನಲ್ಲೇ ಬಿಟ್ಟ ಇನ್ನೊಂದು ಗುಂಪಿಗಿಂತ ತುಂಬಾ ಜಾಸ್ತಿ. ಆದರೆ ಕಾಯಿಲೆಯ ಲಕ್ಷಣಗಳು ಎರಡೂ ಗುಂಪಿನಲ್ಲಿ ಹೆಚ್ಚು ಕಮ್ಮಿ ಒಂದೇ ಥರ ಸುಧಾರಿಸಿದವು. ಬರೀ ಮನೆ ಕೊಟ್ಟರೆ ಕಾಯಿಲೆ ಓಡಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮನೆಯಕ್ಕ:

ಅಣ್ಣ, ಓದಿ ಖುಷಿಯಾಯಿತು. ಆದರೆ ಅಲ್ಲಿ ಒಬ್ಬರಿಗೆ ಒಂದು ಮನೆ ಇದೆ, ಇಲ್ಲಿ ಆರು ಜನಕ್ಕೆ ಒಂದು ಬಾತ್‌ರೂಮು. ಅಲ್ಲಿ ಸರ್ಕಾರದ ದುಡ್ಡು, ಇಲ್ಲಿ ಟ್ರಸ್ಟಿನವರು ಪ್ರತಿ ತಿಂಗಳೂ ಯಾರದೋ ಹುಟ್ಟುಹಬ್ಬದ ಕಾಣಿಕೆಗೆ ಕಾಯುತ್ತಾರೆ. ಇವರು ವರಮಾನದಲ್ಲಿ ಶೇ 30 ಕೊಡಬೇಕು ಅಂದರೆ ಹೂವಕ್ಕ ಎಷ್ಟು ಮಾರು ಹೂ ಕಟ್ಟಬೇಕೋ! ನಾನು ಹೋಗಿಬಿಟ್ಟರೆ ಬದಲಿಗೆ ಯಾರೂ ಇಲ್ಲ. ನಾನು ಜ್ವರ ಬಂದು ಮಲಗಿದ ದಿನ ಅವರೇ ನನಗೆ ಗಂಜಿ ಮಾಡಿದರು, ಅದು ಬೇರೆ ಮಾತು.

ಸಿಸ್ಟರ್, ನಿಮ್ಮ ಲಿಥಿಯಂ ಮಾತು ಓದಿ ಎದೆ ಧಸಕ್ಕೆಂದಿತು. ನಮ್ಮ ಚಿಕ್ಕವಳು, 27 ವರ್ಷ, ಅದನ್ನೇ ತೆಗೆದುಕೊಳ್ಳುವುದು. ಪ್ರತಿ ತಿಂಗಳೂ ಹೊಟ್ಟೆನೋವಿಗೆ ನಾನೇ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡುತ್ತಿದ್ದೆ. ರಕ್ತ ಪರೀಕ್ಷೆ ಆಗಿ ಒಂದು ವರ್ಷದ ಮೇಲಾಗಿದೆ. ನಾಳೆಯೇ ಕರೆದುಕೊಂಡು ಹೋಗುತ್ತೇನೆ.

ಕಿಟಕಿ ಪಕ್ಕದ ಮಂಚ:

ನಾನು ಇಂಥ ಮನೆಯಲ್ಲಿ ಇರುವವಳು. ನಡೆಸುವವಳಲ್ಲ, ಇರುವವಳು. ಇದುವರೆಗೆ ಎಲ್ಲರೂ ನಮ್ಮ ಬಗ್ಗೆ ಮಾತಾಡಿದಿರಿ, ಪರವಾಗಿಲ್ಲ, ಚೆನ್ನಾಗಿಯೇ ಮಾತಾಡಿದಿರಿ.

ಬೀರುವಿನ ಬೀಗಕ್ಕಿಂತ ಬಾತ್‌ರೂಮಿನ ಚಿಲಕ ದೊಡ್ಡದು, ಅಕ್ಕ. ನಾನು ಮೊದಲು ಇದ್ದ ಜಾಗದಲ್ಲಿ ಒಳಗಡೆ ಚಿಲಕ ತೆಗೆಸಿದ್ದರು. ಯಾರಾದರೂ ಏನಾದರೂ ಮಾಡಿಕೊಂಡರೆ ಅಂತ. ಎರಡು ವರ್ಷ ಸ್ನಾನ ಮಾಡುವಾಗ ಒಂದು ಕೈ ಬಾಗಿಲ ಮೇಲೆ. ಈಗಿನ ಮನೆಯಲ್ಲಿ ಒಳಗಿನಿಂದ ಹಾಕಬಹುದಾದ, ತುರ್ತು ಬಂದರೆ ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಚಿಲಕ ಇದೆ. ಮೊದಲ ದಿನ ಚಿಲಕ ಹಾಕಿಕೊಂಡು ಸುಮ್ನೆ ಕೂತಿದ್ದೆ, ಸ್ನಾನವೂ ಮಾಡಲಿಲ್ಲ.

ಮಾತ್ರೆ ಹೇಗೆ ಅಂದರೆ, ದಾಸ್ತಾನು ಬೀಗದ ಒಳಗೆ ಇರುತ್ತದೆ, ನಮಗೆ ಬೇಜಾರಿಲ್ಲ. ಭಾನುವಾರ ಸಂಜೆ ಏಳು ಖಾನೆಯ ಡಬ್ಬಿಗೆ ನಾವೇ ತುಂಬಿಕೊಳ್ಳುತ್ತೇವೆ, ಎದುರಿಗೆ ಒಬ್ಬರು ಕೂತು ಚೀಟಿ ನೋಡಿ ತಾಳೆ ಹಾಕುತ್ತಾರೆ. ಡಬ್ಬಿ ನಮ್ಮ ಮಂಚದ ಹತ್ತಿರ. ಮನಸ್ಸು ಕುಗ್ಗಿದ ವಾರ ನಾನೇ ಹೋಗಿ 'ಈ ವಾರ ಡಬ್ಬಿ ನಿಮ್ಮ ಹತ್ತಿರ ಇರಲಿ' ಅಂತ ಕೊಟ್ಟು ಬರುತ್ತೇನೆ. ಎರಡು ಸಲ ಹಾಗೆ ಕೊಟ್ಟಿದ್ದೇನೆ. ಯಾಕೆ ಅಂತ ಕೇಳಲಿಲ್ಲ, ಚಹಾ ಮಾಡಿಕೊಟ್ಟರು.

ಟೀಚರಮ್ಮನಿಗೆ ಕೇಳುವಾಗ ನಿಂತುಕೊಂಡು ಕೇಳಬೇಡಿ. ಜೊತೆಗೆ ಕೂತು ಬೀನ್ಸ್ ನಾರು ತೆಗೆಯುತ್ತಾ ಕೇಳಿ.

ಮನೆಯಕ್ಕ:

ಮೂರು ವಾರ ಆಯಿತು, ಉತ್ತರ ಬರೆಯಲು ಆಗಲಿಲ್ಲ. ಬೀನ್ಸ್ ಸಿಗಲಿಲ್ಲ, ಅವರೆಕಾಯಿ ಕಾಲವೂ ಅಲ್ಲ. ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೇಳಿದೆ.

ಟೀಚರಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಒಂದು ಕಾಪಿ ಪುಸ್ತಕ ತಂದರು. ದಿನಾ ಬೆಳಗ್ಗೆ ಒಂದು ಪುಟ ಅಕ್ಷರ ಬರೆಯುವುದು ಅವರ ರೂಢಿಯಂತೆ, ನನಗೆ ನಾಲ್ಕು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಅ ಆ ಇ ಈ, ಆಮೇಲೆ ಒಂದು ವಚನ. ಹಳೆಯ ಪುಟಗಳು ಮುತ್ತು ಪೋಣಿಸಿದ ಹಾಗೆ. ಯುಗಾದಿ ಕಳೆದ ಮೇಲಿನವು ನೋಡಿದರೆ ಗೆರೆಯೆಲ್ಲ ನಡುಗಿದೆ. 'ಳ' ಅಂತೂ ಓದಲೇ ಆಗುವುದಿಲ್ಲ. ಅದೇ ತಿಂಗಳು ಆಸ್ಪತ್ರೆಯಲ್ಲಿ ಡೋಸ್ ಏರಿಸಿದ್ದರು, ಚೀಟಿ ತೆಗೆದು ನೋಡಿದೆ. 'ಅಕ್ಷರ ಕೆಟ್ಟರೆ ನಾನು ಇನ್ನೇನು?' ಅಂದರು. ಮಾತ್ರೆ ಬಿಟ್ಟ ಮೇಲಿನ ಹದಿನೈದು ದಿನದ ಪುಟಗಳು ಮತ್ತೆ ದುಂಡಗೆ ಇವೆ. ಅದಾದ ಮೇಲೆ ಏನೋ ಬೇರೆಯೇ ಬರೆದಿದ್ದಾರೆ, ಪುಟದ ತುಂಬ ನೀರು, ನೀರು, ನೀರು ಅಂತ.

ಆ ಪುಸ್ತಕವನ್ನೇ ಮಂಗಳವಾರ ಹಿಡಿದುಕೊಂಡು ಹೋದೆವು. ಚೀಟಿ ಕೌಂಟರಿನಲ್ಲಿ ಒಂದು ಗಂಟೆ ಕಾದೆವು, ಇರಲಿ. ಡಾಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಹೆಣ್ಣುಮಗಳು. ಪುಟ ಒಂದೊಂದೇ ತಿರುವಿ ನೋಡಿದರು. ನೋಡಿ ನನ್ನನ್ನು ಮಾತಾಡಿಸಲಿಲ್ಲ, ಟೀಚರಮ್ಮನನ್ನೇ ಮಾತಾಡಿಸಿದರು. ಮಾತ್ರೆ ಬದಲಿಸಿದ್ದಾರೆ, ನಡುಕಕ್ಕೆ ಅಂತ ಇನ್ನೊಂದು ಮಾತ್ರೆಯನ್ನು ಸ್ವಲ್ಪ ದಿನದ ಮಟ್ಟಿಗೆ ಕೊಟ್ಟಿದ್ದಾರೆ. ಇಂಜೆಕ್ಷನ್ ಬಗ್ಗೆಯೂ ಕೇಳಿದರು. ಟೀಚರಮ್ಮ 'ಯೋಚನೆ ಮಾಡಿ ಹೇಳುತ್ತೇನೆ' ಅಂದರು, ಡಾಕ್ಟರ್ 'ಆಗಲಿ ಮೇಡಂ' ಅಂದರು. 'ಳ' ಇನ್ನೂ ಪೂರ್ತಿ ಸರಿಯಾಗಿಲ್ಲ.

ಚಿಕ್ಕವಳ ಲಿಥಿಯಂ ಸ್ವಲ್ಪ ಜಾಸ್ತಿ ಬಂದಿತ್ತು. ಡೋಸ್ ಇಳಿಸಿದ್ದಾರೆ. ನೋವಿಗೆ ಪ್ಯಾರಾಸಿಟಮಾಲ್ ಮತ್ತು ಬಿಸಿನೀರಿನ ಬಾಟಲಿ. ಅವಳಿಗೆ ಮುಖ ಕೊಟ್ಟು ಮಾತಾಡಲು ನನಗೆ ಎರಡು ದಿನ ಬೇಕಾಯಿತು. ಆಧಾರ್ ಇರುವವರಿಗೆ ಬಸ್ ಫ್ರೀ, ಅದರಿಂದ ಆಸ್ಪತ್ರೆಗೆ ಓಡಾಡುವುದು ಹಗುರವಾಗಿದೆ. ಆಧಾರ್ ಇಲ್ಲದ ಇಬ್ಬರಿಗೆ ಪ್ರತಿ ಸಲವೂ ಟಿಕೆಟ್. ಅದು ಮಾಡಿಸುವುದು ಇನ್ನೊಂದು ದೊಡ್ಡ ಕತೆ, ಬೇರೆ ಬರೆಯುತ್ತೇನೆ.

ಬೀರುವಿನ ಬೀಗ ಇದೆ, ತುಮಕೂರಿನ ತಮ್ಮನ ಮಾತು ಮೀರಲಿಲ್ಲ. ಎರಡು ಕೈ ಮಾಡಿಸಿದೆ. ಒಂದು ನನ್ನ ಹತ್ತಿರ, ಇನ್ನೊಂದು ವಾರಕ್ಕೊಬ್ಬರ ಹತ್ತಿರ ಅಂದುಕೊಂಡಿದ್ದೆ. ಹೂವಕ್ಕ ತನಗೆ ಬೇಡ ಅಂದರು, 'ಕೈ ಇದ್ದವರಿಗೆ ನಿದ್ದೆ ಬರಲ್ಲ, ನಿನ್ನ ನೋಡಿಲ್ವಾ' ಅಂತ. ಹಾಗಾಗಿ ಆ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಭಾನುವಾರದ ಡಬ್ಬಿ ಶುರುವಾಗಿದೆ. ನಾಲ್ಕು ಜನ ತಾವೇ ತುಂಬಿಕೊಳ್ಳುತ್ತಾರೆ, ಇಬ್ಬರು ನೀನೇ ಹಾಕಿಕೊಡು ಅನ್ನುತ್ತಾರೆ. ಡಬ್ಬಿಯ ಮೇಲೆ ವಾರದ ಹೆಸರು ಬರೆದುಕೊಟ್ಟವರು ಟೀಚರಮ್ಮ. ಗುರುವಾರದ 'ರು' ಎರಡು ಸಲ ಅಳಿಸಿ ಬರೆದರು.

ಗೇಟಿನ ಬೀಗ ತೆಗೆಸಿದೆ. ಏರ್ವಾಡಿ ಅಂದದ್ದೇ ಟ್ರಸ್ಟಿನವರು ಸುಮ್ಮನಾದರು. ಸಹಿ ಕಾಗದವನ್ನು 'ಸದ್ಯಕ್ಕೆ' ಪಕ್ಕಕ್ಕೆ ಇಟ್ಟಿದ್ದಾರಂತೆ. ಕ್ಯಾಮೆರಾ ಮಾತ್ರ ಆಗಲೇ ತಂದಾಗಿದೆ, ದುಡ್ಡು ವಾಪಸ್ ಬರುವುದಿಲ್ಲ ಅನ್ನುತ್ತಾರೆ. ಗೇಟಿನ ಹೊರಗೆ ಹಾಕಿಸಿ, ಚಪ್ಪಲಿ ಕಳ್ಳರಾದರೂ ಸಿಗಲಿ ಅಂದಿದ್ದೇನೆ. ಮುಂದಿನ ಮೀಟಿಂಗಿನಲ್ಲಿ ಗೊತ್ತಾಗುತ್ತದೆ.

ಮಲೆನಾಡಿನವರೆ, ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೆ ಸಾಕು ಅಂದಿರಿ. ನಾಲ್ಕು ಜನ ನನ್ನ ಹೆಸರು ಬರೆದಿದ್ದಾರೆ. ಒಬ್ಬರು ಚಿಕ್ಕವಳ ಹೆಸರು ಬರೆದಿದ್ದಾರೆ. ಟೀಚರಮ್ಮ ತಮ್ಮ ಹಳೆಯ ಶಿಷ್ಯನೊಬ್ಬನ ಹೆಸರು ಬರೆದಿದ್ದಾರೆ, ಅವನು ಈಗ ಎಲ್ಲಿದ್ದಾನೋ ಅವರಿಗೇ ಗೊತ್ತಿಲ್ಲ. ಇದಕ್ಕೆ ಏನು ಮಾಡುವುದು? ಆ ಹುಡುಗನನ್ನು ಹುಡುಕುವುದೋ, ಇನ್ನೊಂದು ಹೆಸರು ಕೇಳುವುದೋ? ಬೇಗ ಹೇಳಿ, ಹಾಳೆ ನನ್ನ ಹತ್ತಿರವೇ ಇದೆ.